ಪಲ್ಪರ್ ಸ್ಟಾರ್ಟ್ ಆದ ಕೂಡಲೇ ಫ್ರೀಕ್ವೆನ್ಸಿ ಯಾಕೆ ಬೀಳುತ್ತದೆ?

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮ ಕಾಫಿ ತೋಟ ಇದೆ. ಮೇಲಿನ ತೋಡಿನಿಂದ 6 ಇಂಚಿನ ಪೈಪ್‌ನಲ್ಲಿ ನೀರು ತಂದು, 25 ಮೀಟರ್ ಕೆಳಗೆ ಒಂದು ಸಣ್ಣ ಟರ್ಬೈನ್ ಓಡಿಸುತ್ತಿದ್ದೇವೆ. ಸೆಕೆಂಡಿಗೆ 20 ಲೀಟರ್ ನೀರು ಇದ್ದಾಗ 2.9 ಕಿಲೋವ್ಯಾಟ್ ಸಿಗುತ್ತದೆ. ಮನೆಗಳು ಬಳಸದೆ ಉಳಿದ ಪವರನ್ನು ಬ್ಯಾಲಾಸ್ಟ್ ಹೀಟರ್‌ಗೆ ಕಳಿಸಿ ಫ್ರೀಕ್ವೆನ್ಸಿ ಹಿಡಿಯುವ ಹಳೆಯ ಲೋಡ್ ಕಂಟ್ರೋಲರ್ ಕೆಟ್ಟುಹೋಯಿತು. ನಾನು ಎಲೆಕ್ಟ್ರಿಕಲ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ, ಹಾಗಾಗಿ ಹೊಸದನ್ನು ನಾನೇ ಮಾಡಿದೆ. ನಾನ್‌ಲೀನಿಯರ್ (ಸರಳರೇಖೆಯಂತೆ ಬದಲಾಗದ) ಭಾಗವನ್ನೆಲ್ಲ ಲೆಕ್ಕದಲ್ಲಿ ಕ್ಯಾನ್ಸಲ್ ಮಾಡಿ, ಶಕ್ತಿಯಂಥ ಒಂದು ಅಳತೆ ಸದಾ ಇಳಿಯುತ್ತದೆ ಎಂದು ತೋರಿಸುವ ಲಿಯಾಪುನೋವ್ ವಿಧಾನದಲ್ಲಿ ಸ್ಟೇಬಲ್ ಎಂದು ಸಾಧಿಸಿದೆ. ಸಿಮ್ಯುಲೇಶನ್‌ನಲ್ಲಿ 50 ಹರ್ಟ್ಸ್ ಅಲುಗಾಡಲಿಲ್ಲ. ಆದರೆ ತೋಟದಲ್ಲಿ, ಸಂಜೆ ಕೆಲಸದವರ ಲೈನ್ ಮನೆಗಳ ದೀಪ, ಟಿವಿ, ಫ್ರಿಡ್ಜ್ ಸೇರಿ 1.5 ಕಿಲೋವ್ಯಾಟ್ ಆದಾಗ 48.8ಕ್ಕೆ ನಿಂತುಬಿಡುತ್ತಿತ್ತು. ತಪ್ಪನ್ನು ಕೂಡಿಸುತ್ತಾ ಹೋಗುವ ಇಂಟಿಗ್ರೇಟರ್ ಸೇರಿಸಿದೆ, 50ಕ್ಕೆ ಬಂತು. ಆದರೆ ಡಿಸೆಂಬರ್‌ನಲ್ಲಿ ಸಂಜೆ ಹೊತ್ತು ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್‌ನ 1 ಎಚ್‌ಪಿ ಮೋಟರ್ ಹಾಕಿದಾಗ ಅರ್ಧ ಸೆಕೆಂಡಿನಲ್ಲಿ 43ಕ್ಕೆ ಬಿದ್ದು, 57ಕ್ಕೆ ಹಾರಿ, ಐದಾರು ಸಲ ತೂಗಾಡಿತು. ಬಲ್ಬ್‌ಗಳು ಸುಟ್ಟವು. ಗೇನ್ (ತಪ್ಪಿಗೆ ಕಂಟ್ರೋಲರ್ ಎಷ್ಟು ಜೋರಾಗಿ ಪ್ರತಿಕ್ರಿಯಿಸುತ್ತದೆ ಎನ್ನುವುದು) ಜಾಸ್ತಿ ಮಾಡು ಎಂದು ಒಬ್ಬ ಮೇಷ್ಟ್ರು ಹೇಳುತ್ತಾರೆ. ಪೂರ್ತಿ ಆನ್, ಪೂರ್ತಿ ಆಫ್ ಮಾಡುತ್ತಾ ಹಿಡಿಯುವ ಸ್ಲೈಡಿಂಗ್ ಮೋಡ್ ಹಾಕು ಅಂತಾನೆ ಗೆಳೆಯ. ಮುಂದಿನ ಕೊಯ್ಲಿನೊಳಗೆ ಸರಿಮಾಡಬೇಕು. ಎಲ್ಲಿ ತಪ್ಪಿದೆ ಸರ್?

ಉತ್ತರ: ನೀವು ಅಂಕಿಗಳನ್ನು ಬರೆದು ಕಳಿಸಿದ್ದು ಬಹಳ ಒಳ್ಳೆಯದಾಯಿತು. ಅವು ಇಲ್ಲದಿದ್ದರೆ ನಾನು ಸುಮ್ನೆ ಊಹೆ ಮಾಡಬೇಕಿತ್ತು. ಈಗ ಎಲ್ಲವನ್ನೂ ಕೂಡಿಸಿ ಕಳೆದು ನೋಡಬಹುದು.

ಮೊದಲನೆಯ ಮಾತು: ನೀವು ಸಾಧಿಸಿದ ಲೆಕ್ಕ ತಪ್ಪಲ್ಲ. ಆದರೆ ಅದು ಬೇರೆ ಪ್ರಶ್ನೆಗೆ ಉತ್ತರ. ಹೊರಗಿನಿಂದ ಯಾವ ಹೊಡೆತವೂ ಬೀಳದಿದ್ದರೆ ಯಂತ್ರ 50ಕ್ಕೆ ವಾಪಸ್ ಬರುತ್ತದೆ ಎಂದು ನೀವು ಸಾಧಿಸಿದ್ದೀರಿ. ತೋಟದಲ್ಲಿ ಹೊಡೆತ ಬೀಳದ ಗಳಿಗೆಯೇ ಇಲ್ಲ. ಯಾರೋ ಮಿಕ್ಸಿ ಹಾಕುತ್ತಾರೆ, ಫ್ರಿಡ್ಜ್ ತಾನಾಗಿ ಆನ್ ಆಗುತ್ತದೆ, ತೋಡಿನಲ್ಲಿ ಎಲೆ ಕಟ್ಟಿ ನೀರು ಕಡಿಮೆಯಾಗುತ್ತದೆ. ಹೊಡೆತ ಇಲ್ಲದಾಗ ಸ್ಟೇಬಲ್ ಆಗಿರುವುದು, ಸಣ್ಣ ಹೊಡೆತ ಬಿದ್ದಾಗಲೂ ಕೈಗೆ ಸಿಗುವ ಹಾಗೆ ಇರುವುದು, ಲೀನಿಯರ್ ವ್ಯವಸ್ಥೆಯಲ್ಲಿ ಇವೆರಡೂ ಒಂದೇ. ನಾನ್‌ಲೀನಿಯರ್‌ನಲ್ಲಿ ಒಂದೇ ಅಲ್ಲ. ಇದನ್ನು ಕಾಲೇಜಿನಲ್ಲಿ ಒಂದು ಗಂಟೆಯಲ್ಲಿ ಹೇಳಿ ಮುಗಿಸುತ್ತಾರೆ. ನನ್ನ ಪ್ರಕಾರ ಒಂದು ವಾರವಾದರೂ ಇದರ ಮೇಲೆ ಕೂರಬೇಕು.

ಕಾಗದ ತೆಗೆದುಕೊಂಡು ಈ ಲೆಕ್ಕ ಮಾಡಿ ನೋಡಿ. ಎಕ್ಸ್ ಅಂದರೆ ನಾವು ಇರಬೇಕಾದ ಜಾಗದಿಂದ ಎಷ್ಟು ದೂರ ಇದ್ದೇವೆ ಎನ್ನುವುದು. ಯು ಅಂದರೆ ಕಂಟ್ರೋಲರ್ ಕೊಡುವ ಆಜ್ಞೆ. ವ್ಯವಸ್ಥೆ ಹೀಗಿದೆ ಎಂದುಕೊಳ್ಳಿ:

ಎಕ್ಸ್ ಬದಲಾಗುವ ವೇಗ = ಎಕ್ಸ್ + (ಎಕ್ಸ್² + 1) × ಯು

ಸುಮ್ಮನೆ ಬಿಟ್ಟರೆ ಎಕ್ಸ್ ಬೆಳೆಯುತ್ತಾ ಹೋಗುತ್ತದೆ. ನೀವು ಮಾಡಿದ ಹಾಗೆ ಕ್ಯಾನ್ಸಲ್ ಮಾಡೋಣ. ಯು = −2ಎಕ್ಸ್ ÷ (ಎಕ್ಸ್² + 1) ಎಂದು ಇಟ್ಟರೆ ಉಳಿಯುವುದು ಬರೀ −ಎಕ್ಸ್. ಎಲ್ಲಿಂದ ಹೊರಟರೂ ಸೊನ್ನೆಗೆ ಬರುತ್ತದೆ. ನೋಡಲು ಎಷ್ಟು ಚೆಂದ, ಅಲ್ವಾ?

ಈಗ ಆಜ್ಞೆಯ ಜೊತೆಗೆ ಡಿ ಎಂಬ ಹೊಡೆತ ಸೇರಲಿ. ವೇಗ = −ಎಕ್ಸ್ + (ಎಕ್ಸ್² + 1) × ಡಿ ಆಗುತ್ತದೆ. ಡಿ ಬರೀ 1 ಇರಲಿ, ಒಂದೇ ಸಮ ಇರಲಿ. ಆಗ ವೇಗ = ಎಕ್ಸ್² − ಎಕ್ಸ್ + 1. ಇದು ಯಾವಾಗಲೂ ಧನಾತ್ಮಕ. ಸೊನ್ನೆಯಲ್ಲೇ ನಿಂತಿದ್ದ ಎಕ್ಸ್ ಸುಮಾರು 2.4 ಸೆಕೆಂಡಿನಲ್ಲಿ ಅನಂತಕ್ಕೆ ಹೋಗುತ್ತದೆ. ದಿನ ಕಳೆದಂತೆ ನಿಧಾನವಾಗಿ ಬೆಳೆಯುತ್ತದೆ ಎಂದಲ್ಲ, 2.4 ಸೆಕೆಂಡಿಗೇ ಕತೆ ಮುಗಿಯುತ್ತದೆ. ಹೊಡೆತ ಇಲ್ಲದಾಗ ಎಲ್ಲಿಂದ ಬಿಟ್ಟರೂ ಮನೆಗೆ ಬರುತ್ತಿದ್ದ ಅದೇ ವ್ಯವಸ್ಥೆ ಇದು.

ಸರಿಪಡಿಸುವುದು ಕಷ್ಟವಲ್ಲ. ಅದೇ ಆಜ್ಞೆಗೆ ಇನ್ನೊಂದು −ಎಕ್ಸ್ ಸೇರಿಸಿ. ಈಗ ವೇಗ = −2ಎಕ್ಸ್ − ಎಕ್ಸ್³ + (ಎಕ್ಸ್² + 1) × ಡಿ. ಲಿಯಾಪುನೋವ್ ಅಳತೆಗೆ ಎಕ್ಸ್²ನ ಅರ್ಧ ತೆಗೆದುಕೊಂಡು, ಡಿಯನ್ನು ಬಿಟ್ಟುಬಿಡದೆ ಲೆಕ್ಕ ಮಾಡಿ. ಎಕ್ಸ್ ಡಿಗಿಂತ ದೊಡ್ಡದಾಗಿರುವಷ್ಟು ಹೊತ್ತೂ ಎಕ್ಸ್⁴ ಎಂಬ ಪದ ಹೊಡೆತದ ದೊಡ್ಡ ಭಾಗವನ್ನು ನುಂಗುತ್ತದೆ, 2ಎಕ್ಸ್²ನಲ್ಲಿ ಅರ್ಧ ಉಳಿದದ್ದನ್ನು ನುಂಗುತ್ತದೆ. ಇನ್ನರ್ಧ ಎಕ್ಸ್ ಅನ್ನು ಒಳಗೆ ತಳ್ಳುತ್ತದೆ. ಅಂದರೆ ಡಿ 1 ಇದ್ದರೆ ಎಕ್ಸ್ ಕೊನೆಗೆ 1ರ ಒಳಗೆ ಇರುತ್ತದೆ, 10 ಇದ್ದರೆ 10ರ ಒಳಗೆ. ನಿಜವಾಗಿ ಬಿಡಿಸಿ ನೋಡಿದರೆ 0.57ರಲ್ಲಿ ಮತ್ತು 9.9ರಲ್ಲಿ ನಿಲ್ಲುತ್ತದೆ.

ಹೊಡೆತ ಎಷ್ಟು ದೊಡ್ಡದೋ ಅದಕ್ಕೆ ತಕ್ಕಷ್ಟೇ ದೂರ ಹೋಗಬೇಕು, ಹೊಡೆತ ನಿಂತ ಮೇಲೆ ವಾಪಸ್ ಬರಬೇಕು. ಈ ಗುಣಕ್ಕೆ ಇನ್‌ಪುಟ್ ಟು ಸ್ಟೇಟ್ ಸ್ಟೆಬಿಲಿಟಿ ಎಂದು ಹೆಸರು. ಎಡ್ವರ್ಡೊ ಸೊಂಟಾಗ್ 1989ರಲ್ಲಿ ಇದನ್ನು ಮುಂದಿಟ್ಟರು. ಲಿಯಾಪುನೋವ್ ತಮ್ಮ ಪ್ರಬಂಧ ಬರೆದದ್ದು 1892ರಲ್ಲಿ. ನಡುವೆ ಹತ್ತಿರ ಹತ್ತಿರ ನೂರು ವರ್ಷ. ಇಷ್ಟು ಸರಳವಾಗಿ ಕಾಣುವ ಮಾತಿಗೆ ಸರಿಯಾದ ರೂಪ ಸಿಗಲು ಅಷ್ಟು ಕಾಲ ಹಿಡಿಯಿತು ಎನ್ನುವುದನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯವಾಗುತ್ತದೆ.

ಸರಿ, ನಿಮ್ಮ ಟರ್ಬೈನ್‌ಗೆ ಬರೋಣ.

ನೀವು ಸ್ಪೀಡನ್ನೇ ಸ್ಟೇಟ್ (ಲೆಕ್ಕದಲ್ಲಿ ಹಿಂಬಾಲಿಸುವ ಅಳತೆ) ಎಂದು ತೆಗೆದುಕೊಂಡಿದ್ದೀರಿ. ಪವರನ್ನು ಸ್ಪೀಡಿನಿಂದ ಭಾಗಿಸಬೇಕಾಗಿ ಬಂದು ಅಲ್ಲಿ ನಾನ್‌ಲೀನಿಯರ್ ಆಯಿತು, ಆಮೇಲೆ ಅದನ್ನು ಕ್ಯಾನ್ಸಲ್ ಮಾಡಲು ಕೂತಿರಿ. ಬೇಡ. ತಿರುಗುವ ಭಾಗದಲ್ಲಿ ಕೂಡಿಟ್ಟಿರುವ ಶಕ್ತಿಯನ್ನೇ ಸ್ಟೇಟ್ ಎಂದುಕೊಳ್ಳಿ. ಆಗ ಲೆಕ್ಕ ತೀರಾ ಸರಳ: ಶಕ್ತಿ ಬದಲಾಗುವ ವೇಗ = ಟರ್ಬೈನ್ ಪವರ್ − ಮನೆಗಳ ಲೋಡ್ − ಬ್ಯಾಲಾಸ್ಟ್ ಹೀಟರ್ ತಿನ್ನುವ ಪವರ್. ಭಾಗಾಕಾರವೇ ಇಲ್ಲ. ಮುಖ್ಯವಾಗಿ, ಹೊಡೆತ ಒಳಗೆ ಬರುವ ಬಾಗಿಲು, ನಿಮ್ಮ ಆಜ್ಞೆ ಒಳಗೆ ಹೋಗುವ ಬಾಗಿಲು ಎರಡೂ ಒಂದೇ ಎನ್ನುವುದು ಕಣ್ಣಿಗೆ ಕಾಣುತ್ತದೆ. ಮನೆಯಲ್ಲಿ 200 ವ್ಯಾಟ್ ಜಾಸ್ತಿ ಎಳೆದರೆ ಹೀಟರ್‌ನಲ್ಲಿ 200 ವ್ಯಾಟ್ ಕಡಿಮೆ ಮಾಡಿದರಾಯಿತು. ಇಂಥ ಹೊಡೆತಕ್ಕೆ ಮ್ಯಾಚ್ಡ್ ಡಿಸ್ಟರ್ಬೆನ್ಸ್ ಎನ್ನುತ್ತಾರೆ. ಹೊಡೆತ ಎಲ್ಲಿಂದ ಬರುತ್ತದೆ, ನಮ್ಮ ಕೈ ಅಲ್ಲಿಗೆ ಎಟಕುತ್ತದಾ? ಯಾವ ವ್ಯವಸ್ಥೆ ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ಇದು. ನಿಮ್ಮ ಯಂತ್ರದಲ್ಲಿ ಎಟಕುತ್ತದೆ. ಅದೇ ದೊಡ್ಡ ಅನುಕೂಲ.

ನಿಮ್ಮದು ನಾಲ್ಕು ಪೋಲ್‌ನ, 1500 ಆರ್‌ಪಿಎಂ ಆಲ್ಟರ್ನೇಟರ್ ಇರಬೇಕು. ರೋಟರ್, ರನ್ನರ್ ಎಲ್ಲ ಸೇರಿ ಜಡತ್ವ ಸುಮಾರು 0.2 ಕಿಲೋಗ್ರಾಂ ಚದರ ಮೀಟರ್ ಎಂದುಕೊಂಡರೆ, 50 ಹರ್ಟ್ಸ್‌ನಲ್ಲಿ ಕೂಡಿಟ್ಟ ಶಕ್ತಿ ಬರೀ 2,465 ಜೂಲ್. ಇಡೀ ತೋಟಕ್ಕೆ ಆಸರೆ ಇಷ್ಟೇ. 1 ಕಿಲೋವ್ಯಾಟ್ ಕೊರತೆ ಬಿದ್ದರೆ ಫ್ರೀಕ್ವೆನ್ಸಿ ಸೆಕೆಂಡಿಗೆ 10 ಹರ್ಟ್ಸ್ ವೇಗದಲ್ಲಿ ಇಳಿಯುತ್ತದೆ.

ಈಗ 48.8. ಶಕ್ತಿಯ ಲೆಕ್ಕದಲ್ಲಿ ಇದು 117 ಜೂಲ್ ಕೊರತೆ. 1,500 ವ್ಯಾಟನ್ನು 117ರಿಂದ ಭಾಗಿಸಿ, ಸುಮಾರು 13 ಬರುತ್ತದೆ. ಅದೇ ನಿಮ್ಮ ಗೇನ್, ಸೆಕೆಂಡಿಗೆ 13. ತಪ್ಪಿಗೆ ತಕ್ಕಷ್ಟೇ ಆಜ್ಞೆ ಕೊಡುವ ಬರೀ ಪ್ರೊಪೋರ್ಷನಲ್ ಕಂಟ್ರೋಲರ್ ಹೀಟರನ್ನು ಇಳಿಸಬೇಕಾದರೆ ತಪ್ಪು ಕಾಣಲೇಬೇಕು. ತಪ್ಪು ಸೊನ್ನೆಯಾದರೆ ಆಜ್ಞೆಯೂ ಮೊದಲಿನ ಜಾಗಕ್ಕೆ ಹೋಗಿಬಿಡುತ್ತದೆ. ಹಾಗಾಗಿ ಒಂದಿಷ್ಟು ತಪ್ಪು ಉಳಿದೇ ಉಳಿಯುತ್ತದೆ. ಮ್ಯಾಕ್ಸ್‌ವೆಲ್ 1868ರಲ್ಲೇ ಗವರ್ನರ್‌ಗಳ ಬಗ್ಗೆ ಬರೆದಾಗ ಇವೆರಡನ್ನು ಬೇರೆ ಮಾಡಿದ್ದರು: ಸ್ಪೀಡ್ ಜಾಸ್ತಿ ಆಚೀಚೆ ಹೋಗದಂತೆ ಹಿಡಿಯುವ ಯಂತ್ರಕ್ಕೆ ಮಾಡರೇಟರ್ ಎಂದೂ, ಸರಿಯಾಗಿ ಬೇಕಾದ ಸ್ಪೀಡಿಗೇ ತಂದು ನಿಲ್ಲಿಸುವುದಕ್ಕೆ ಗವರ್ನರ್ ಎಂದೂ ಕರೆದರು. ನಿಮ್ಮ ಮೊದಲನೆಯದು ಮಾಡರೇಟರ್ ಆಗಿತ್ತು.

ಗೇನ್ ಜಾಸ್ತಿ ಮಾಡಿದರೆ? ಮೇಷ್ಟ್ರ ಮಾತು ಕಾಗದದ ಮೇಲೆ ಸರಿ. ನಾಲ್ಕು ಪಟ್ಟು ಮಾಡಿದರೆ ತಪ್ಪು 0.3 ಹರ್ಟ್ಸ್‌ಗೆ ಇಳಿಯುತ್ತದೆ. ಆದರೆ ನಿಮ್ಮ ಕಂಟ್ರೋಲರ್ ಫ್ರೀಕ್ವೆನ್ಸಿ ಅಳೆಯಲು ಒಂದು ಪೂರ್ತಿ ಸೈಕಲ್ ಕಾಯುತ್ತದೆ, ಅದು 20 ಮಿಲಿಸೆಕೆಂಡ್. ಹೀಟರ್‌ಗೆ ಕರೆಂಟ್ ಬಿಡುವ ಎಲೆಕ್ಟ್ರಾನಿಕ್ ಸ್ವಿಚ್ಚಾದ ಟ್ರಯಾಕ್ ಫೈರ್ ಮಾಡಲು ಮುಂದಿನ ಅರ್ಧ ಸೈಕಲ್ ಬರಬೇಕು, ಅದು ಇನ್ನು 10. ಒಟ್ಟು 30 ಮಿಲಿಸೆಕೆಂಡ್ ತಡ. ಇಷ್ಟು ತಡ ಇರುವ ಕಡೆ ಗೇನ್ ಸುಮಾರು 52 ಮುಟ್ಟಿದರೆ ವ್ಯವಸ್ಥೆ ತಾನಾಗಿ ತೂಗಾಡಲು ಶುರುಮಾಡುತ್ತದೆ. 13ರ ನಾಲ್ಕು ಪಟ್ಟು ಎಷ್ಟು ನೋಡಿ, ಸರಿಯಾಗಿ 52.

ಇಲ್ಲಿ ಇನ್ನೊಂದು ವಿಷಯ ಇದೆ, ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಟ್ರಯಾಕ್‌ನ ಫೈರಿಂಗ್ ಆಂಗಲ್ (ಅರ್ಧ ಸೈಕಲ್‌ನಲ್ಲಿ ಅದು ಆನ್ ಆಗುವ ಜಾಗ) ಬದಲಿಸಿದರೆ ಹೀಟರ್ ಪವರ್ ಒಂದೇ ಸಮನೆ ಬದಲಾಗುವುದಿಲ್ಲ. ಒಂದು ಡಿಗ್ರಿಗೆ ಎಷ್ಟು ಪವರ್ ಬದಲಾಗುತ್ತದೆ ಎನ್ನುವುದು ಸೈನ್ ಆಂಗಲ್‌ನ ವರ್ಗಕ್ಕೆ ತಕ್ಕ ಹಾಗೆ ಇರುತ್ತದೆ. 90 ಡಿಗ್ರಿಯಲ್ಲಿ ಅತಿ ಹೆಚ್ಚು. 30ರಲ್ಲಿ, 150ರಲ್ಲಿ ಅದರ ಕಾಲು ಭಾಗ. ಅಂದರೆ ಹೀಟರ್ ಅರ್ಧ ಉರಿಯುತ್ತಿರುವಾಗ ನಿಮ್ಮ ಗೇನ್ ಸರಾಸರಿಯ ಎರಡು ಪಟ್ಟು, 26ರ ಹತ್ತಿರ. ಹೀಟರ್ ಪೂರ್ತಿ ಇದ್ದಾಗ ಅಥವಾ ಬಹಳ ಕಡಿಮೆ ಇದ್ದಾಗ ಕೈ ಮಂದವಾಗುತ್ತದೆ. ಒಂದು ಹೊತ್ತಿನಲ್ಲಿ ಚೆನ್ನಾಗಿ ಟ್ಯೂನ್ ಮಾಡಿದ್ದು ಇನ್ನೊಂದು ಹೊತ್ತಿನಲ್ಲಿ ಯಾಕೆ ಹಾಳಾಗುತ್ತದೆ ಎಂದು ತಲೆ ಕೆಡಿಸಿಕೊಂಡಿದ್ದರೆ, ಕಾರಣ ಇದೇ ಇರಬಹುದು. ಬೇಕಾದ ಪವರ್‌ಗೆ ಯಾವ ಆಂಗಲ್ ಎಂದು ಒಂದು ಪಟ್ಟಿ ಮಾಡಿ ಮೈಕ್ರೋಕಂಟ್ರೋಲರ್‌ನಲ್ಲಿ ಇಟ್ಟುಬಿಡಿ, 32 ಅಂಕಿ ಸಾಕು. ಕ್ಯಾನ್ಸಲ್ ಮಾಡುವುದಾದರೆ ಇಂಥದ್ದನ್ನು ಮಾಡಬೇಕು. ಇದು ಗಣಿತದಿಂದ ಬಂದ ವಕ್ರರೇಖೆ, ಮಳೆಗಾಲಕ್ಕೂ ಬೇಸಿಗೆಗೂ ಬದಲಾಗುವುದಿಲ್ಲ. ಟರ್ಬೈನ್‌ನ ನಡವಳಿಕೆ ಹಾಗಲ್ಲ, ನೀರಿನ ಜೊತೆ ಬದಲಾಗುತ್ತದೆ. ಅದನ್ನು ಕ್ಯಾನ್ಸಲ್ ಮಾಡಲು ಹೋದರೆ ಕ್ಯಾನ್ಸಲ್ ಆಗದೆ ಉಳಿದದ್ದೇ ಹೊಸ ಹೊಡೆತವಾಗುತ್ತದೆ.

ಇಂಟಿಗ್ರೇಟರ್ ಸೇರಿಸಿದ್ದು ಸರಿಯಾದ ಹೆಜ್ಜೆ. ಒಂದೇ ಸಮನೆ ನಿಂತ ಹೊಡೆತವನ್ನು ಪೂರ್ತಿ ಅಳಿಸಬೇಕಾದರೆ ಆ ಹೊಡೆತದ ಒಂದು ಪ್ರತಿ ಕಂಟ್ರೋಲರ್‌ನ ಒಳಗೇ ಇರಬೇಕು ಎಂದು ಫ್ರಾನ್ಸಿಸ್ ಮತ್ತು ವೋನಮ್ 1976ರಲ್ಲಿ ತೋರಿಸಿದರು. ಬದಲಾಗದ ಹೊಡೆತಕ್ಕೆ ಆ ಪ್ರತಿಯೇ ಇಂಟಿಗ್ರೇಟರ್.

ಹಾಗಾದರೆ 43, 57 ಯಾಕೆ? ಸಂಜೆಯ ಲೋಡ್ 1.5 ಕಿಲೋವ್ಯಾಟ್ ಇತ್ತು. 1 ಎಚ್‌ಪಿಯ ಸಿಂಗಲ್ ಫೇಸ್ ಮೋಟರ್ ಸ್ಟಾರ್ಟ್ ಆಗುವಾಗ ಓಡುವ ಕರೆಂಟಿನ 5-6 ಪಟ್ಟು ಎಳೆಯುತ್ತದೆ. ನೀವು ಬರೆದ ಬೀಳುವಿಕೆಯಿಂದಲೇ ಹಿಂದಕ್ಕೆ ಲೆಕ್ಕ ಹಾಕೋಣ. ಅರ್ಧ ಸೆಕೆಂಡಿನಲ್ಲಿ 7 ಹರ್ಟ್ಸ್ ಬಿತ್ತು ಅಂದರೆ ಕೂಡಿಟ್ಟ ಶಕ್ತಿಯಲ್ಲಿ ಸುಮಾರು 640 ಜೂಲ್ ಹೋಯಿತು, ಕೊರತೆ ಸರಾಸರಿ 1.3 ಕಿಲೋವ್ಯಾಟ್. ಒಟ್ಟು ಬೇಡಿಕೆ 4.2, ಟರ್ಬೈನ್ ಕೊಡುವುದು 2.9. ಮೋಟರ್ ಒಂದೇ 2.7 ಎಳೆದಿದೆ. ಲೆಕ್ಕ ಕೂಡುತ್ತದೆ.

ಆ ಅರ್ಧ ಸೆಕೆಂಡಿನಲ್ಲಿ ಹೀಟರ್ ಏನು ಮಾಡುತ್ತಿತ್ತು? ಸೊನ್ನೆಗೆ ಇಳಿದು ಕೂತಿತ್ತು. ಸೊನ್ನೆಗಿಂತ ಕೆಳಗೆ ಹೀಟರ್ ಹೋಗುವುದಿಲ್ಲ. ನಿಮ್ಮ ಕಂಟ್ರೋಲರ್‌ನ ಕೈ ಖಾಲಿಯಾಗಿತ್ತು. ಆದರೆ ಇಂಟಿಗ್ರೇಟರ್‌ಗೆ ಅದು ಗೊತ್ತಿಲ್ಲ. ಇನ್ನೂ ಇಳಿಸು, ಇನ್ನೂ ಇಳಿಸು ಎಂದು ತಪ್ಪನ್ನು ಕೂಡಿಸುತ್ತಲೇ ಹೋಯಿತು. ಮೋಟರ್ ಸ್ಪೀಡ್ ಹಿಡಿದು ಲೋಡ್ ಇಳಿದಾಗ, ಆ ಹಳೆಯ ಮೊತ್ತ ಕರಗುವವರೆಗೆ ಹೀಟರ್ ಆನ್ ಆಗಲೇ ಇಲ್ಲ. ನೀರು ಟರ್ಬೈನನ್ನು ತಳ್ಳುತ್ತಲೇ ಇತ್ತು, ಹಿಡಿಯುವವರು ಯಾರೂ ಇರಲಿಲ್ಲ. 57ಕ್ಕೆ ಹಾರಿತು. ಇದಕ್ಕೆ ವೈಂಡಪ್ ಎನ್ನುತ್ತಾರೆ. ಹೀಟರ್ ಸೊನ್ನೆಯಲ್ಲಿದ್ದು ತಪ್ಪು ಇನ್ನೂ ಕೆಳಗೇ ಎಳೆಯುತ್ತಿದ್ದರೆ ಕೂಡಿಸುವುದನ್ನು ನಿಲ್ಲಿಸಿ. ಮೇಲಿನ ಮಿತಿಯಲ್ಲೂ ಹಾಗೆಯೇ. ಪ್ರೋಗ್ರಾಮ್‌ನಲ್ಲಿ ಎರಡು ಸಾಲು. ಆ ಎರಡು ಸಾಲು ನಿಮ್ಮ 57ನ್ನು ತೆಗೆಯುತ್ತವೆ. ಆದರೆ 43ನ್ನು ತೆಗೆಯುವುದಿಲ್ಲ.

43 ಕಂಟ್ರೋಲರ್‌ನ ತಪ್ಪೇ ಅಲ್ಲ. ಇದನ್ನು ಒಪ್ಪಿಕೊಳ್ಳಲು ನನಗೂ ಬಹಳ ವರ್ಷ ಬೇಕಾಯಿತು. ಕೈ ಖಾಲಿಯಾದ ಮೇಲೆ ಯಾವ ನಿಯಮ ಬರೆದರೂ ಪ್ರಯೋಜನವಿಲ್ಲ, ಎಂಥ ದೊಡ್ಡ ಹೆಸರಿನ ವಿಧಾನವಾದರೂ ಅಷ್ಟೇ. ಆಗ ಕೆಲಸಕ್ಕೆ ಬರುವುದು ಕೂಡಿಟ್ಟ ಶಕ್ತಿ ಮಾತ್ರ. 40 ಸೆಂಟಿಮೀಟರ್ ವ್ಯಾಸದ, 2 ಸೆಂಟಿಮೀಟರ್ ದಪ್ಪದ ಉಕ್ಕಿನ ಚಕ್ರ ಸುಮಾರು 20 ಕಿಲೋ ತೂಗುತ್ತದೆ. ಅದನ್ನು ಶಾಫ್ಟಿಗೆ ಹಾಕಿದರೆ ಜಡತ್ವ 0.4 ಜಾಸ್ತಿಯಾಗಿ ಒಟ್ಟು 0.6 ಆಗುತ್ತದೆ. ಅದೇ ಮೋಟರ್, ಅದೇ ಅರ್ಧ ಸೆಕೆಂಡ್, ಈಗ ಬೀಳುವುದು 7 ಹರ್ಟ್ಸ್ ಅಲ್ಲ, 2.2 ಮಾತ್ರ. 47.8ಕ್ಕೆ ನಿಲ್ಲುತ್ತದೆ. ಶಕ್ತಿಯ ಲೆಕ್ಕದಲ್ಲಿ ಗೇನ್ ಹಾಗೇ ಇರಬಹುದು, ತಡಕ್ಕೆ ಸಿಗುವ ಜಾಗವೂ ಬದಲಾಗುವುದಿಲ್ಲ. ಒಂದು ಎಚ್ಚರಿಕೆ: ಚಕ್ರದ ಅಂಚು ಸೆಕೆಂಡಿಗೆ 31 ಮೀಟರ್ ವೇಗದಲ್ಲಿ ಓಡುತ್ತದೆ, ಲೋಡ್ ಪೂರ್ತಿ ಹೋದರೆ ಇನ್ನೂ ಜಾಸ್ತಿ. ಬೀಡು ಕಬ್ಬಿಣ ಬೇಡವೇ ಬೇಡ. ಲೇತ್‌ನಲ್ಲಿ ತಿರುಗಿಸಿ ಬ್ಯಾಲೆನ್ಸ್ ಮಾಡಿಸಿ, ಸುತ್ತ ದಪ್ಪ ತಗಡಿನ ಗಾರ್ಡ್ ಹಾಕಿ. ಬೇರಿಂಗ್ ಈ ತೂಕ ತಡೆಯುತ್ತದಾ ಎಂದೂ ನೋಡಿ.

ಇನ್ನೊಂದು ಸುಲಭದ ಕೆಲಸ ಇದೆ. ಮನೆಗಳಿಗೆ ಹೋಗುವ ಲೈನಿಗೆ ಒಂದು ಸಿಟಿ (ಕರೆಂಟ್ ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಹಾಕಿ ಲೋಡನ್ನೇ ಅಳೆಯಿರಿ. ಅಳೆಯಲು ಸಿಗುವ ಹೊಡೆತಕ್ಕೆ ಅದು ಫ್ರೀಕ್ವೆನ್ಸಿ ಕೆಡಿಸುವವರೆಗೆ ಕಾಯಬೇಕಾಗಿಲ್ಲ. ಲೋಡ್ 300 ವ್ಯಾಟ್ ಏರಿತು ಅಂದರೆ ಅದೇ ಗಳಿಗೆಯಲ್ಲಿ ಹೀಟರ್ 300 ಇಳಿಸಿ. ಇದು ಫೀಡ್‌ಫಾರ್ವರ್ಡ್. ಅಳತೆಯಲ್ಲಿ ನೂರಕ್ಕೆ ಹತ್ತು ತಪ್ಪಿದ್ದರೂ ಹೊಡೆತದ ಹೆಚ್ಚಿನ ಪಾಲು ಅಲ್ಲೇ ಮುಗಿಯುತ್ತದೆ. ಉಳಿದದ್ದು ಪ್ರೊಪೋರ್ಷನಲ್ ಭಾಗಕ್ಕೆ. ನೀರಿನ ಏರಿಳಿತ ಅಳೆಯಲು ಸಿಗುವುದಿಲ್ಲ, ಆದರೆ ಅದು ನಿಧಾನ. ಅದು ಇಂಟಿಗ್ರೇಟರ್‌ನ ಪಾಲು. ಕೆಲಸ ಹೀಗೆ ಹಂಚಿದರೆ ಇಂಟಿಗ್ರೇಟರ್ ಅವಸರ ಮಾಡಬೇಕಾಗಿಲ್ಲ. ಹತ್ತಿಪ್ಪತ್ತು ಸೆಕೆಂಡಿನಲ್ಲಿ ಸರಿಮಾಡಿದರೆ ಸಾಕು. ತೂಗಾಟ ತಾನಾಗಿ ಕಡಿಮೆಯಾಗುತ್ತದೆ.

ಈಗ ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸುವ ವಿಷಯ. ಟರ್ಬೈನ್ ಟಾರ್ಕ್ ಸ್ಪೀಡ್ ಏರಿದ ಹಾಗೆ ಇಳಿಯುತ್ತದೆ, ಸುಮಾರಾಗಿ ಸರಳರೇಖೆಯಲ್ಲಿ. ಹಾಗಾಗಿ ಪವರ್ ಒಂದು ಗುಡ್ಡದ ಹಾಗೆ. ನಿಮ್ಮ ಟರ್ಬೈನ್‌ಗೆ 50 ಹರ್ಟ್ಸ್ ಆ ಗುಡ್ಡದ ತುದಿ ಎಂದುಕೊಳ್ಳಿ, ಅಲ್ಲಿ 2.9. ಸ್ಪೀಡ್ ಬಿದ್ದರೆ ಪವರ್ ಕೂಡ ಬೀಳುತ್ತದೆ. ಆದರೆ ಎವಿಆರ್ (ಆಲ್ಟರ್ನೇಟರ್‌ನ ವೋಲ್ಟೇಜ್ ನಿಯಂತ್ರಕ) ವೋಲ್ಟೇಜ್ ಹಿಡಿದಿಡುವಷ್ಟು ಹೊತ್ತು ದೀಪ, ಹೀಟರ್‌ಗಳ ಬೇಡಿಕೆ ಬೀಳುವುದಿಲ್ಲ. ಲೋಡ್ 2.5 ಕಿಲೋವ್ಯಾಟ್ ಇದ್ದಾಗ ಫ್ರೀಕ್ವೆನ್ಸಿ ಸುಮಾರು 31ಕ್ಕಿಂತ ಕೆಳಗೆ ಹೋದರೆ ಟರ್ಬೈನ್ ಕೊಡುವುದೇ 2.5ಕ್ಕಿಂತ ಕಡಿಮೆ. ಆಮೇಲೆ ವಾಪಸ್ ಬರುವ ದಾರಿ ಇಲ್ಲ, ಕುಸಿಯುತ್ತಲೇ ಹೋಗುತ್ತದೆ. ಲೋಡ್ 2.8 ಇದ್ದರೆ ಆ ಅಂಚು 41ಕ್ಕೆ ಏರುತ್ತದೆ. ನಿಮ್ಮ 43 ನೆನಪಿಸಿಕೊಳ್ಳಿ. ಸಂಜೆಯ ದೀಪದ ಜೊತೆ ಓಡುವ ಮೋಟರ್ 1.1 ಕಿಲೋವ್ಯಾಟ್ ಎಳೆದರೆ ಒಟ್ಟು 2.6. ನೀವು ಅಂಚಿಗೆ ಬಹಳ ದೂರದಲ್ಲೇನೂ ಇರಲಿಲ್ಲ. ಮೋಟರ್ ಇನ್ನೊಂದು ಸೆಕೆಂಡ್ ತಡಮಾಡಿ ಸ್ಪೀಡ್ ಹಿಡಿದಿದ್ದರೆ ಇಡೀ ತೋಟ ಕತ್ತಲಾಗುತ್ತಿತ್ತು.

ನಾನ್‌ಲೀನಿಯರ್ ವ್ಯವಸ್ಥೆಯ ನಿಜವಾದ ಅಪಾಯ ಇಲ್ಲಿದೆ. ಯಾವ ಜಾಗದಿಂದ ಹೊರಟರೆ ಮನೆಗೆ ಬರುತ್ತೇವೋ ಆ ಜಾಗದ ಅಳತೆ ಹೊಡೆತದ ಜೊತೆಗೇ ಕುಗ್ಗುತ್ತದೆ. ಮಾದರಿಯಲ್ಲಿ ಹೊಡೆತ ಸೊನ್ನೆ ಎಂದಿಟ್ಟು ಅಳೆದ ಸುರಕ್ಷಿತ ಜಾಗವನ್ನು ನಂಬಿ ತೋಟದಲ್ಲಿ ಯಂತ್ರ ಓಡಿಸಬಾರದು.

ನನಗೆ ಇದು ಪುಸ್ತಕದಿಂದ ಬಂದ ಪಾಠವಲ್ಲ. ಹಲವು ವರ್ಷಗಳ ಹಿಂದೆ ಸೋಮವಾರಪೇಟೆ ಕಡೆಯ ಒಂದು ತೋಟಕ್ಕೆ ಇಂಥದ್ದೇ ಕಂಟ್ರೋಲರ್ ಮಾಡಿಕೊಟ್ಟಿದ್ದೆ. ಇಂಟಿಗ್ರೇಟರ್ ಇತ್ತು, ವೈಂಡಪ್ ತಡೆಯೂ ಇತ್ತು. ಮೀಟರ್ ಸದಾ 50 ತೋರಿಸುತ್ತಿತ್ತು, ನನಗೆ ಹೆಮ್ಮೆ. ಜುಲೈನ ಒಂದು ರಾತ್ರಿ ಜೋರು ಮಳೆ. ನೀರು ತೆಗೆಯುವ ಕಡೆ ಜಾಲರಿಗೆ ಎಲೆ, ಕಡ್ಡಿ ಕಟ್ಟುತ್ತಾ ಬಂತು. ತೋಡಿನಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ಪೈಪಿಗೆ ಬರುವುದು ಕಡಿಮೆಯಾಯಿತು. ಇಂಟಿಗ್ರೇಟರ್ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿತು. ಎಷ್ಟು ನೀರು ಕಡಿಮೆಯಾಯಿತೋ ಅಷ್ಟು ಹೀಟರ್ ಇಳಿಸಿತು. ಮೂರು ಗಂಟೆ ಹೊತ್ತು ಮೀಟರ್ 50 ಬಿಟ್ಟು ಕದಲಲಿಲ್ಲ. ಹೀಟರ್ ಸೊನ್ನೆಗೆ ಬಂದ ಮೇಲೆ ಒಂದು ಫ್ರಿಡ್ಜ್ ಆನ್ ಆಯಿತು, ಅಷ್ಟೇ. ಮನೆಯ ನೀರೆತ್ತುವ ಪಂಪಿನ ಮೋಟರ್ ನಿಂತಲ್ಲೇ ಕರೆಂಟ್ ಎಳೆದು ಸುಟ್ಟುಹೋಯಿತು. ಮರುದಿನ ಬೆಳಿಗ್ಗೆ ಆ ಮನೆಯ ಹಿರಿಯರು ನನ್ನನ್ನು ಬೈಯಲಿಲ್ಲ. "ಮುಂಚೆ ಗೊತ್ತಾಗುವ ಹಾಗೆ ಏನಾದರೂ ಮಾಡಬಹುದಿತ್ತಾ?" ಎಂದು ಮಾತ್ರ ಕೇಳಿದರು. ಮಾಡಬಹುದಿತ್ತು. ಫ್ರೀಕ್ವೆನ್ಸಿ ಚೆನ್ನಾಗಿದೆಯಾ ಎಂದು ನೋಡುತ್ತಿದ್ದೆ, ಹೀಟರ್‌ನಲ್ಲಿ ಎಷ್ಟು ಉಳಿದಿದೆ ಎಂದು ನೋಡಿರಲಿಲ್ಲ. ಒಳ್ಳೆಯ ಇಂಟಿಗ್ರೇಟರ್ ಇರುವ ಕಡೆ ಹೊರಗೆ ತಪ್ಪು ಕಾಣುವುದಿಲ್ಲ. ತೊಂದರೆ ಬರುತ್ತಿರುವುದು ಆಜ್ಞೆಯಲ್ಲಿ ಮಾತ್ರ ಕಾಣುತ್ತದೆ.

ಸ್ಲೈಡಿಂಗ್ ಮೋಡ್ ಬಗ್ಗೆ ನಿಮ್ಮ ಗೆಳೆಯ ಹೇಳಿದ್ದಕ್ಕೆ ಚಿಕ್ಕ ಉತ್ತರ. ರಷ್ಯಾದಲ್ಲಿ ಎಮೆಲಿಯಾನೋವ್, ಉಟ್ಕಿನ್ ಮೊದಲಾದವರು ಬೆಳೆಸಿದ ಈ ವಿಧಾನ ನಿಜಕ್ಕೂ ಗಟ್ಟಿ. ಮ್ಯಾಚ್ಡ್ ಹೊಡೆತದ ಗರಿಷ್ಠ ಅಳತೆ ಗೊತ್ತಿದ್ದರೆ ಅದನ್ನು ಪೂರ್ತಿ ಅಳಿಸುತ್ತದೆ. ಆದರೆ ಅದಕ್ಕೆ ಕ್ಷಣಕ್ಷಣಕ್ಕೂ ಆನ್, ಆಫ್ ಮಾಡಬಲ್ಲ ಕೈ ಬೇಕು. ನಿಮ್ಮ ಟ್ರಯಾಕ್ ಸೆಕೆಂಡಿಗೆ 100 ಸಲ ಮಾತ್ರ ನಿರ್ಧಾರ ಬದಲಿಸಬಲ್ಲದು. ಹೀಟರ್ ಪೂರ್ತಿ ಆನ್, ಪೂರ್ತಿ ಆಫ್ ಆಗುತ್ತಾ ದೀಪಗಳು ಮಿನುಗುತ್ತವೆ. ಮಿನುಗಾಟ ತಪ್ಪಿಸಲು ನಡುವೆ ಮೆತ್ತನೆಯ ಪಟ್ಟಿ ಇಟ್ಟರೆ, ಆ ಪಟ್ಟಿಯ ಒಳಗೆ ಅದು ಗೇನ್ ಜಾಸ್ತಿ ಇರುವ ಪ್ರೊಪೋರ್ಷನಲ್ ಕಂಟ್ರೋಲರ್ ಅಷ್ಟೇ, ಮತ್ತೆ ಅದೇ 52ರ ಗೋಡೆ. ಡಿಸಿ ಮಾಡಿಕೊಂಡು ಐಜಿಬಿಟಿ ಎಂಬ ವೇಗದ ಎಲೆಕ್ಟ್ರಾನಿಕ್ ಸ್ವಿಚ್ಚಿನಿಂದ ಚಾಪ್ ಮಾಡುವುದಾದರೆ ಮಾತು ಬೇರೆ. ಚೀನಾದ ಹಾನ್ ಜಿಂಗ್‌ಚಿಂಗ್ ಬೆಳೆಸಿದ, ಹೊಡೆತವನ್ನೇ ಅಂದಾಜು ಮಾಡಿ ಕಳೆಯುವ ಅಬ್ಸರ್ವರ್ ವಿಧಾನ ನನಗೆ ಬಹಳ ಇಷ್ಟ. ಆದರೆ ನಿಮ್ಮಷ್ಟು ಸರಳ ಯಂತ್ರದಲ್ಲಿ ಅದು ಕೊನೆಗೆ ಪಿಐ (ಪ್ರೊಪೋರ್ಷನಲ್ ಜೊತೆ ಇಂಟಿಗ್ರೇಟರ್) ಕಂಟ್ರೋಲರ್‌ಗೆ ಬಹಳ ಹತ್ತಿರ ಬಂದು ನಿಲ್ಲುತ್ತದೆ. ಓದಿಗಾಗಿ ಮಾಡಿ ನೋಡಿ, ಕೊಯ್ಲಿಗಾಗಿ ಬೇಡ.

ನೀರಿನ ಗೇಟ್ ತಿರುಗಿಸಿ ಫ್ರೀಕ್ವೆನ್ಸಿ ಹಿಡಿಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಗೇಟ್ ತೆರೆದ ಕೂಡಲೇ ಪೈಪಿನ ನೀರು ವೇಗ ಹಿಡಿಯುವವರೆಗೆ ಪವರ್ ಮೊದಲು ಇಳಿಯುತ್ತದೆ, ಆಮೇಲೆ ಏರುತ್ತದೆ. ಪೈಪ್ 120 ಮೀಟರ್ ಉದ್ದ ಎಂದುಕೊಂಡರೆ ಇದಕ್ಕೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಅಷ್ಟರೊಳಗೆ ನಿಮ್ಮ 2,465 ಜೂಲ್ ಬಹುಪಾಲು ಖರ್ಚಾಗಿರುತ್ತದೆ. ಅವಸರದಲ್ಲಿ ಮುಚ್ಚಿದರೆ ನೀರಿನ ಹೊಡೆತಕ್ಕೆ ಪೈಪ್ ಒಡೆಯುತ್ತದೆ. ಗೇಟ್ ಋತುವಿಗೆ, ಹೀಟರ್ ಗಳಿಗೆಗೆ.

ಕೆಲಸವನ್ನು ಈ ಕ್ರಮದಲ್ಲಿ ಮಾಡಿ. ಮೊದಲು ವೈಂಡಪ್ ತಡೆಯ ಆ ಎರಡು ಸಾಲು, ಅದು ಇವತ್ತೇ ಆಗುತ್ತದೆ. ಜೊತೆಗೆ ಟ್ರಯಾಕ್ ಪಟ್ಟಿ. ಆಮೇಲೆ ಸಿಟಿ. ಮಳೆ ಬಿಟ್ಟ ಮೇಲೆ ಚಕ್ರ. ಹೀಟರ್ ಒಟ್ಟು ಸಾಮರ್ಥ್ಯ 2.9 ಅಲ್ಲ, 3.5 ಕಿಲೋವ್ಯಾಟ್ ಇರಲಿ. ಇಲ್ಲದಿದ್ದರೆ ಮನೆ ಲೋಡ್ ಪೂರ್ತಿ ಹೋದಾಗ ಮೇಲಿನ ಕಡೆಯೂ ಕೈ ಖಾಲಿಯಾಗುತ್ತದೆ. ಹೀಟರನ್ನು ಸ್ನಾನದ ನೀರಿಗೆ ಇಟ್ಟಿದ್ದರೆ ಹಂಡೆ ಬತ್ತದ ಹಾಗೆ ನೋಡಿಕೊಳ್ಳಿ. ಹೀಟರ್ ಸುಟ್ಟರೆ ಟರ್ಬೈನ್‌ಗೆ ಬ್ರೇಕೇ ಇಲ್ಲ. ಫ್ರೀಕ್ವೆನ್ಸಿ 46ಕ್ಕೆ ಬಂದರೆ ಲೈನ್ ಮನೆಗಳ ದೀಪ ಬಿಟ್ಟು ಬೇರೆ ಎಲ್ಲವನ್ನೂ ಕಡಿದುಹಾಕುವ ರಿಲೇ ಇರಲಿ. ಅಂಚಿಗೆ ಹೋಗುವ ಮುಂಚೆ ಲೋಡ್ ಇಳಿಸುವುದು ಅಲ್ಲಿಂದ ಎಳೆದು ತರುವುದಕ್ಕಿಂತ ಸುಲಭ.

ಕೊನೆಯದು ಹೀಟರ್‌ನ ಪಕ್ಕದ ದೀಪ. ಹೀಟರ್ ಎಷ್ಟು ಉರಿಯುತ್ತಿದೆಯೋ ಅಷ್ಟು ಪ್ರಕಾಶ ಕೊಡುವ ಹಾಗೆ ಒಂದು ಹಳೆಯ ಕಾಲದ ತಂತಿ ಬಲ್ಬನ್ನು ಹೀಟರ್‌ಗೆ ಸಮಾನಾಂತರವಾಗಿ ಹಾಕಿ, ಪಲ್ಪರ್ ಸ್ವಿಚ್ಚಿನ ಮೇಲೆ ಕಾಣುವ ಹಾಗೆ ಇಡಿ. ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಶುರುವಾಗುತ್ತದೆ. ಆಗಿನಿಂದ ಜನವರಿವರೆಗೆ ನಿಮ್ಮ ಲೋಡ್ ಏರುತ್ತಾ ಹೋಗುತ್ತದೆ, ತೋಡಿನ ನೀರು ಇಳಿಯುತ್ತಾ ಹೋಗುತ್ತದೆ. ಕಣದಲ್ಲಿ ಕೆಲಸ ಮಾಡುವವರಿಗೆ ಹೇಳಿಡಿ: ಆ ಬಲ್ಬ್ ಚೆನ್ನಾಗಿ ಉರಿಯುತ್ತಿದ್ದರೆ ಮಾತ್ರ ಮೋಟರ್ ಹಾಕಿ. ಮಂಕಾಗಿದ್ದರೆ ಮೊದಲು ಮೇಲೆ ಹೋಗಿ ಜಾಲರಿ ನೋಡಿ ಬನ್ನಿ.